ವೆನಿಲ್ಲಾ ಸೆಂಟ್ ನಮ್ಮ ಬಿಸಿಲಿಗೂ ಒಗ್ಗುತ್ತದೆ

ವೆನಿಲ್ಲಾ ಸೆಂಟ್ ಚಳಿ ದೇಶದ ಹೆಂಗಸರಿಗೆ ಸರಿ, ನಮ್ಮ ಬಯಲುಸೀಮೆಗೆ ಹೇಳಿ ಮಾಡಿಸಿದ್ದಲ್ಲ ಎಂಬ ಮಾತನ್ನು ಬಹಳ ಜನರಿಂದ ಕೇಳಿದ್ದೇನೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಚಿಕ್ಕಬಳ್ಳಾಪುರದಲ್ಲೇ ಹುಟ್ಟಿ ಬೆಳೆದು, ಇಲ್ಲಿನ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು ನಾನು. ಅವರೆಕಾಯಿ ಕಾಲದ ಚಳಿಗೂ ಏಪ್ರಿಲ್‌ನ ಉರಿಬಿಸಿಲಿಗೂ ಹಚ್ಚಿಕೊಳ್ಳುವುದು ವೆನಿಲ್ಲಾವನ್ನೇ. ಆದರೆ ಎರಡೂ ಕಾಲದಲ್ಲಿ ಒಂದೇ ರೀತಿ ಹಚ್ಚಿಕೊಳ್ಳುವುದಿಲ್ಲ. ಈ ಪರಿಮಳವನ್ನು ಮೇಲೆಬ್ಬಿಸುವುದು ಮೈಯ ಶಾಖ. ಹಾಗಾಗಿ ಎಷ್ಟು ಸಲ ಸಿಂಪಡಿಸಿಕೊಂಡೆವು ಎನ್ನುವುದಕ್ಕಿಂತ ಮೈಯ ಯಾವ ಭಾಗಕ್ಕೆ, ಯಾವ ಹೊತ್ತಿಗೆ ಎನ್ನುವುದೇ ದೊಡ್ಡದು.

ನಮ್ಮ ಕಾಲೇಜಿಗೆ ಹೊಸದಾಗಿ ಬಂದ ಉಪನ್ಯಾಸಕಿಯೊಬ್ಬರು ಒಂದು ದಿನ ವೆನಿಲ್ಲಾ ಹಚ್ಚಿಕೊಂಡು ಬಂದಿದ್ದರು. ಹಿರಿಯ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿಗೆ ಕಾಲಿಟ್ಟವರೇ, "ಮೇಡಂ, ಇವತ್ತು ಯಾರ ಹುಟ್ಟುಹಬ್ಬ? ಕೇಕ್ ಎಲ್ಲಿದೆ?" ಎಂದು ನನ್ನನ್ನು ಕೇಳಿದರು. ಅವರ ಮೂಗಿನದು ಏನೂ ತಪ್ಪಿಲ್ಲ. ನಮ್ಮ ಮನೆಗಳಿಗೆ ವೆನಿಲ್ಲಾ ಬಂದದ್ದೇ ಅಡುಗೆಮನೆಯ ಬಾಗಿಲಿನಿಂದ. ಕಸ್ಟರ್ಡ್ ಪುಡಿ, ಐಸ್‌ಕ್ರೀಮ್, ಕ್ರೀಮ್ ಬಿಸ್ಕತ್ತು, ಬೇಕರಿಯ ಕೇಕ್, ಎಲ್ಲದರಲ್ಲೂ ಇರುವುದು ಅದೇ ಎಸೆನ್ಸ್. ಮೈಮೇಲೆ ಅದೇ ವಾಸನೆ ಬಂದರೆ ತಿಂಡಿಯ ನೆನಪು ಬರುವುದು ಸಹಜ. ಆದ್ದರಿಂದ ವೆನಿಲ್ಲಾ ಸೆಂಟ್ ಕೊಳ್ಳುವಾಗ ನಾನು ಮೊದಲು ನೋಡುವುದು ವೆನಿಲ್ಲಾದ ಜೊತೆಗೆ ಇನ್ನೇನು ಬೆರೆತಿದೆ ಎನ್ನುವುದನ್ನು.

ಇದು ಅರ್ಥವಾಗಬೇಕಾದರೆ ಮೂಲವನ್ನು ಸ್ವಲ್ಪ ತಿಳಿದಿರಬೇಕು. ವೆನಿಲ್ಲಾ ಮೆಕ್ಸಿಕೋ ಕಡೆಯ ಒಂದು ಆರ್ಕಿಡ್ ಬಳ್ಳಿಯ ಕಾಯಿ. ಹಸಿ ಕಾಯಿಗೆ ಪರಿಮಳ ಇರುವುದಿಲ್ಲ. ತಿಂಗಳುಗಟ್ಟಲೆ ಬೆವರಿಸಿ, ಒಣಗಿಸಿ ಹದ ಮಾಡಿದಾಗ ಅದರೊಳಗೆ ವೆನಿಲಿನ್ ಎಂಬ ಸಂಯುಕ್ತ ಬಿಡುಗಡೆಯಾಗುತ್ತದೆ, ಅದೂ ಕಾಯಿಯ ತೂಕದ ಶೇಕಡಾ 2ರ ಆಸುಪಾಸಿನಲ್ಲಿ ಮಾತ್ರ. ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡಿಸುವ ಸುಲಭ ವಿಧಾನವನ್ನು 1841ರಲ್ಲಿ ಕಂಡುಕೊಂಡವನು ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಹನ್ನೆರಡು ವರ್ಷದ ಹುಡುಗ ಎಡ್ಮಂಡ್ ಆಲ್ಬಿಯಸ್. ಪ್ರಪಂಚವೆಲ್ಲ ಇಂದಿಗೂ ಅವನು ತೋರಿಸಿದ ದಾರಿಯಲ್ಲೇ ನಡೆಯುತ್ತಿದೆ. 2000ದ ದಶಕದ ಆರಂಭದಲ್ಲಿ ನಮ್ಮ ಮಲೆನಾಡಿನ ರೈತರೂ ಬೆಳಗಿನ ಹೊತ್ತು ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಹಾಗೆಯೇ ಪರಾಗ ಮುಟ್ಟಿಸಿದರು. ಬೆಲೆ ಗಗನಕ್ಕೇರಿ, ಆಮೇಲೆ ನೆಲಕ್ಕೆ ಬಿದ್ದು, ಅನೇಕರು ಬಳ್ಳಿಯನ್ನೇ ಕಿತ್ತರು. ಆ ಶ್ರಮವನ್ನು ನೆನೆದರೆ ಸೆಂಟಿನ ಒಂದು ಹನಿಯನ್ನೂ ದಂಡ ಮಾಡಲು ಮನಸ್ಸು ಬರುವುದಿಲ್ಲ.

ನಮ್ಮ ಕೈಗೆ ಸಿಗುವ ಬಾಟಲಿಗಳಲ್ಲಿ ಬಹುಪಾಲು ಇರುವುದು ಪ್ರಯೋಗಾಲಯದ ವೆನಿಲಿನ್. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಅದನ್ನು ಕೃತಕವಾಗಿ ತಯಾರಿಸಿದರು. 1889ರಲ್ಲಿ ಫ್ರಾನ್ಸಿನ ಗೆರ್ಲೈನ್ ಎಂಬ ಸುಗಂಧ ಸಂಸ್ಥೆಯ ಜಿಕಿ ಎಂಬ ಸೆಂಟಿನಲ್ಲಿ ಅದು ಬಳಕೆಯಾಯಿತು. ಅದೇ ಸಂಸ್ಥೆಯ 1925ರ ಶಾಲಿಮಾರ್‌ನಲ್ಲಿ ಇನ್ನೂ ಹಲವು ಪಟ್ಟು ತೀವ್ರವಾದ ಈಥೈಲ್ ವೆನಿಲಿನ್ ಸೇರಿತು. 1992ರಲ್ಲಿ ಏಂಜೆಲ್ ಎಂಬ ಸೆಂಟ್ ಬಂದ ಮೇಲೆ ಈಥೈಲ್ ಮಾಲ್ಟಾಲ್ ಎಂಬ ಮತ್ತೊಂದು ವಸ್ತು ಜನಪ್ರಿಯವಾಯಿತು. ಇದರ ವಾಸನೆ ಜಾತ್ರೆಯ ಬಾಂಬೆ ಮಿಠಾಯಿಯದು, ಅಪ್ಪಟ ಸಕ್ಕರೆ. ಈಗಿನ "ವೆನಿಲ್ಲಾ" ಸೆಂಟುಗಳಲ್ಲಿ ತಲೆ ಹಿಡಿಯುವಂಥ ಸಿಹಿ ಬರುವುದು ಬಹಳ ಸಲ ಇದರಿಂದಲೇ. ಅಪವಾದ ಹೊರುವುದು ಮಾತ್ರ ಪಾಪದ ವೆನಿಲ್ಲಾ.

ಹಾಗಾದರೆ ಜೊತೆಗೆ ಏನಿರಬೇಕು? ನನ್ನ ಮಟ್ಟಿಗೆ ಉತ್ತರ ನಮ್ಮ ದೇವರ ಕೋಣೆಯಲ್ಲೇ ಇದೆ: ಸಾಂಬ್ರಾಣಿ. ಬಾಟಲಿಯ ವಿವರದಲ್ಲಿ ಬೆನ್ಜಾಯಿನ್ ಎಂದು ಬರೆದಿದ್ದರೆ ಅದು ಸಾಂಬ್ರಾಣಿಯೇ, ಒಂದು ಜಾತಿಯ ಮರದ ಅಂಟು. ಅದರಲ್ಲಿಯೂ ವೆನಿಲಿನ್ ಇದೆ. ಕೆಂಡದ ಮೇಲೆ ಹಾಕಿದಾಗ ಹೊಗೆಯ ಅಡಿಯಲ್ಲಿ ಒಂದು ಮೆತ್ತನೆಯ ಸಿಹಿ ಸುಳಿಯುತ್ತದಲ್ಲ, ಅದನ್ನು ಗಮನಿಸಿ. ಸಾಂಬ್ರಾಣಿ, ಶ್ರೀಗಂಧ, ಟೊಂಕಾ ಬೀಜ (ದಕ್ಷಿಣ ಅಮೆರಿಕದ ಒಂದು ಮರದ ಪರಿಮಳದ ಬೀಜ), ಏಲಕ್ಕಿ ಇವುಗಳಲ್ಲಿ ಯಾವುದಾದರೂ ಎರಡು ಬೆರೆತ ವೆನಿಲ್ಲಾವನ್ನು ಯಾರೂ ಕೇಕ್ ಎನ್ನುವುದಿಲ್ಲ. ಆ ಹೊಸ ಉಪನ್ಯಾಸಕಿಗೂ ಇದನ್ನೇ ಹೇಳಿದೆ. ಮುಂದೆ ಅವರು ಬದಲಾಯಿಸಿಕೊಂಡ ಸೆಂಟಿಗೆ ಅದೇ ಹಿರಿಯರು, "ಯಾವುದಮ್ಮ ಇದು? ಚೆನ್ನಾಗಿದೆ, ದೇವಸ್ಥಾನಕ್ಕೆ ಹೋಗಿ ಬಂದ ಹಾಗಿದೆ" ಎಂದರು.

ಅಂಗಡಿಯಲ್ಲಿ ಕೊಡುವ ಕಾಗದದ ಪಟ್ಟಿಯನ್ನು ಮೂಸಿ ತೀರ್ಮಾನಕ್ಕೆ ಬರಬೇಡಿ. ನಿಂಬೆಜಾತಿಯ ಹಣ್ಣಿನ ವಾಸನೆಗೆ ಕಾರಣವಾದ ಲಿಮೊನೀನ್ ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ವೆನಿಲಿನ್ ಸುಮಾರು 285ರಲ್ಲಿ. ಮೈಮೇಲೆ ಯಾವುದೂ ಕುದಿಯುವುದಿಲ್ಲ, ನಿಜ. ಆದರೆ ಯಾವುದು ಬೇಗ ಹಾರಿಹೋಗುತ್ತದೆ, ಯಾವುದು ಕೂತು ನಿಧಾನವಾಗಿ ಏಳುತ್ತದೆ ಎಂಬುದಕ್ಕೆ ಈ ಅಂಕಿಗಳೇ ಸುಳಿವು. ಅಂಗಡಿಯವರು ತೋರಿಸುವ ಮೊದಲ ಹತ್ತು ನಿಮಿಷದಲ್ಲಿ ನಿಮಗೆ ಸಿಗುವುದು ಹಣ್ಣು ಮತ್ತು ಹೂವು. ನೀವು ದುಡ್ಡು ಕೊಡುತ್ತಿರುವ ವೆನಿಲ್ಲಾ ಇನ್ನೂ ಬಂದಿರುವುದಿಲ್ಲ. ನಾನು ಒಂದು ಕೈಗೆ ಒಂದೇ ಸೆಂಟ್ ಹಾಕಿಸಿಕೊಂಡು, ಬಿ.ಬಿ. ರಸ್ತೆಯಲ್ಲಿ ಉಳಿದ ಕೆಲಸಗಳನ್ನೆಲ್ಲ ಮುಗಿಸಿ, ಮನೆಗೆ ಬಂದು ಅಡುಗೆ ಮಾಡಿ, ಮಲಗುವ ಮುಂಚೆ ಮತ್ತೆ ಮೂಸುತ್ತೇನೆ. ಒಗ್ಗರಣೆಯ ನಡುವೆಯೂ ಹಿತವಾಗಿ ಉಳಿದಿದ್ದರೆ ಮಾತ್ರ ಮರುದಿನ ಕೊಳ್ಳುವ ಮಾತು. ಅದೂ ಸಿಗುವುದರಲ್ಲಿ ಅತಿ ಚಿಕ್ಕ ಬಾಟಲಿ.

ಇನ್ನು ಹಚ್ಚಿಕೊಳ್ಳುವ ಬಗೆ. ನಂದಿ ಬೆಟ್ಟದ ಕಡೆಯಿಂದ ಮಂಜು ಇಳಿಯುವ ಡಿಸೆಂಬರ್, ಜನವರಿಯಲ್ಲಿ ನಮ್ಮೂರ ಗಾಳಿ ಒಣಗಿರುತ್ತದೆ, ಚರ್ಮ ಬಿರಿಯುತ್ತದೆ. ಒಣ ಚರ್ಮದ ಮೇಲೆ ಯಾವ ಸೆಂಟೂ ನಿಲ್ಲುವುದಿಲ್ಲ. ಸ್ನಾನ ಮಾಡಿ ಮೈ ಒರೆಸಿದ ಕೂಡಲೇ, ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನು ಕತ್ತಿನ ಬುಡಕ್ಕೆ, ಮೊಣಕೈಯ ಒಳಮಡಿಕೆಗೆ ತೆಳುವಾಗಿ ಸವರಿ, ಅದರ ಮೇಲೆ ಒಂದೊಂದು ಸಲ ಸಿಂಪಡಿಸಿಕೊಳ್ಳುತ್ತೇನೆ. ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜುವುದಿಲ್ಲ. ಉಜ್ಜಿದರೆ ಬಿಸಿಯಾಗಿ ಮೊದಲ ಪರಿಮಳ ಬೇಗ ಹಾರುತ್ತದೆ. ಮೇಲೊಂದು ಸ್ವೆಟರ್ ಹಾಕಿಕೊಂಡರೆ ಒಳಗಿನ ಬಿಸುಪಿಗೆ ವೆನಿಲ್ಲಾ ಮಧ್ಯಾಹ್ನದವರೆಗೂ ಮೆಲ್ಲಗೆ ಏಳುತ್ತಲೇ ಇರುತ್ತದೆ. ಈ ಸುಗಂಧದ ನಿಜವಾದ ಸೊಗಸು ಇರುವುದು ಈ ಎರಡು ತಿಂಗಳಲ್ಲಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಮಾರ್ಚ್ ದಾಟಿದ ಮೇಲೆ ಕತ್ತು, ಎದೆಯ ಭಾಗವನ್ನು ಪೂರ್ತಿ ಬಿಟ್ಟುಬಿಡುತ್ತೇನೆ. ಬೆವರುವ ಜಾಗದಲ್ಲಿ ವೆನಿಲ್ಲಾ ಹುಳಿ ಹಿಡಿದ ಪಾಯಸದಂತಾಗುತ್ತದೆ. ಆಗ ನನ್ನ ಜಾಗ ಮೀನಖಂಡ. ಅಲ್ಲಿ ಬೆವರು ಕಡಿಮೆ, ಮೂಗಿಗೂ ದೂರ. ನಡೆಯುವಾಗ ಸೀರೆಯ ನೆರಿಗೆ ಅಲುಗಿದಾಗಷ್ಟೇ ಪರಿಮಳ ಮೇಲೆ ಬರುತ್ತದೆ. ಹಚ್ಚುವುದು ಒಂದೇ ಸಲ, ಮನೆ ಬಿಡುವುದಕ್ಕೆ ಅರ್ಧ ಗಂಟೆ ಮೊದಲು. ಬಸ್ಸು ಹತ್ತುವ ಹೊತ್ತಿಗೆ ಮದ್ಯಸಾರದ ಮೊನಚು, ಮೊದಲ ಸಿಹಿ ಎಲ್ಲವೂ ತಗ್ಗಿರಬೇಕು. ತುಂಬಿದ ಬಸ್ಸಿನಲ್ಲಿ ಪಕ್ಕದ ಸೀಟಿನವರ ತಲೆನೋವಿಗೆ ನಾನು ಕಾರಣಳಾಗಬಾರದು. ಬೇಸಿಗೆಯ ಕೆಲವು ದಿನ ಎಣ್ಣೆ ಮೂಲದ ರೋಲ್-ಆನ್ ಇನ್ನೂ ಒಳ್ಳೆಯದು. ಅದು ಚರ್ಮಕ್ಕೆ ಅಂಟಿಕೊಂಡಿರುತ್ತದೆ, ಸುತ್ತಲೂ ಹರಡುವುದಿಲ್ಲ.

ಒಂದು ಎಚ್ಚರಿಕೆಯನ್ನು ನನ್ನ ವಿದ್ಯಾರ್ಥಿನಿಯರಿಗೂ ಹೇಳುತ್ತಿರುತ್ತೇನೆ. ಹಚ್ಚಿಕೊಂಡ ಸ್ವಲ್ಪ ಹೊತ್ತಿಗೆ ನಮ್ಮ ಮೂಗು ಆ ವಾಸನೆಗೆ ಒಗ್ಗಿ ಸುಮ್ಮನಾಗುತ್ತದೆ. "ಹೋಗೇಬಿಟ್ಟಿತು" ಎಂದುಕೊಂಡು ಮತ್ತೆ ಸಿಂಪಡಿಸಿಕೊಂಡರೆ ಎದುರಿನವರ ಪಾಡು ಕೇಳಬೇಡಿ. ಅನುಮಾನವಿದ್ದರೆ ಹೊರಗೆ ಹತ್ತು ನಿಮಿಷ ಓಡಾಡಿ ಬಂದು ನೋಡಿ, ಇಲ್ಲವೇ ಮನೆಯವರನ್ನು ಕೇಳಿ. ಸೆಂಟಿನಲ್ಲಿರುವ ಮದ್ಯಸಾರಕ್ಕೆ ಬೆಂಕಿ ಬೇಗ ಹತ್ತುತ್ತದೆ. ಪ್ರಯೋಗಾಲಯದ ಬರ್ನರ್ ಹತ್ತಿರವೂ ದೇವರ ದೀಪದ ಹತ್ತಿರವೂ ಬಾಟಲಿ ತೆಗೆಯಲೇಬಾರದು.

ಮುಡಿಯುವ ಹೂವಿನ ವಿಷಯಕ್ಕೆ ಬರುತ್ತೇನೆ. ವಿದೇಶದ ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿಲ್ಲ, ನಾವೇ ಕಂಡುಕೊಳ್ಳಬೇಕು. ನಮ್ಮದು ಹೂವಿನ ಊರು. ಬೆಳಗಾದರೆ ಮಾರುಕಟ್ಟೆಗೆ ಸೇವಂತಿಗೆ, ಗುಲಾಬಿ ಮೂಟೆಗಟ್ಟಲೆ ಬಂದು ಬೀಳುತ್ತವೆ. ತಲೆಯಲ್ಲಿ ಹೂವಿಲ್ಲದೆ ಮದುವೆಮನೆಗೆ ಹೋಗುವ ಅಭ್ಯಾಸ ನನಗಿಲ್ಲ. ಆದರೆ ಮಲ್ಲಿಗೆಯ ಜೊತೆ ವೆನಿಲ್ಲಾ ಸೇರಿದರೆ ಎರಡೂ ಕೆಡುತ್ತವೆ. ಅರಳಿದ ಮಲ್ಲಿಗೆಯೇ ಭಾರವಾದ ಸಿಹಿ, ಅದರ ಮೇಲೆ ಇನ್ನೊಂದು ಸಿಹಿ ಬಿದ್ದರೆ ಉಸಿರು ಕಟ್ಟುತ್ತದೆ. ಮಲ್ಲಿಗೆ ಮುಡಿದ ದಿನ ಸೆಂಟ್ ಮುಟ್ಟುವುದಿಲ್ಲ, ಮಲ್ಲಿಗೆಗಿಂತ ದೊಡ್ಡ ಸೆಂಟ್ ಬೇಕೂ ಇಲ್ಲ. ವೆನಿಲ್ಲಾ ಹಚ್ಚಿಕೊಂಡ ದಿನ ಮುಡಿಯುವುದು ಕನಕಾಂಬರ. ನೋಡಲು ಕೆಂಡದ ಬಣ್ಣ, ವಾಸನೆ ಎಳ್ಳಷ್ಟೂ ಇಲ್ಲ.

ಖಾಯಂ ಹೂ ಕೊಡುವಾಕೆ ಒಮ್ಮೆ ಬೆರಗಾಗಿ, "ಘಮ ಇಲ್ಲದ ಹೂವನ್ನೇ ಕೇಳುತ್ತೀರಲ್ಲ ಅಕ್ಕ, ಮಲ್ಲಿಗೆ ಇವತ್ತು ಅಗ್ಗ" ಎಂದಳು. ನನ್ನ ಮಣಿಕಟ್ಟನ್ನು ಅವಳ ಮೂಗಿನ ಹತ್ತಿರ ಹಿಡಿದೆ. ಮೂಸಿ, ಸ್ವಲ್ಪ ಯೋಚಿಸಿ, ಕನಕಾಂಬರದ ಮೊಳದ ನಡುನಡುವೆ ಮರುಗದ ಎರಡು ಎಳೆ ಸೇರಿಸಿ ಕಟ್ಟಿಕೊಟ್ಟಳು. ಅವಳ ಲೆಕ್ಕ ಸರಿಯಾಗಿತ್ತು. ಮರುಗದ ಹಸಿರು, ತುಸು ಖಾರದ ಘಾಟು ವೆನಿಲ್ಲಾದ ಸಿಹಿಯನ್ನು ಹಿಡಿದು ನಿಲ್ಲಿಸುತ್ತದೆ. ದವನವೂ ಹಾಗೆಯೇ. ಇಡೀ ದಿನ ವಾಸನೆಗಳ ನಡುವೆ ಕೂರುವವರಿಗೆ ತಿಳಿಯುವುದು ಬೇರೆಯವರಿಗೆ ತಿಳಿಯುವುದಿಲ್ಲ. ಅಂದಿನಿಂದ ವೆನಿಲ್ಲಾ ದಿನದ ಹೂವನ್ನು ಅವಳ ಆಯ್ಕೆಗೇ ಬಿಟ್ಟಿದ್ದೇನೆ.

ಎಣ್ಣೆನೀರಿನ ದಿನದ ಸಂಜೆ ನನಗೆ ಅತ್ಯಂತ ಪ್ರಿಯ. ಸೀಗೆಪುಡಿಯಲ್ಲಿ ತಲೆ ತೊಳೆದು, ಒದ್ದೆ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿದು ಒಣಗಿಸುತ್ತೇನೆ. ಅತ್ತೆ ಇದನ್ನು ಇನ್ನೂ ಬಿಟ್ಟಿಲ್ಲ, ನಾನೂ ಬಿಡುವುದಿಲ್ಲ. ಕೂದಲಲ್ಲಿ ಆ ಹೊಗೆ ಕೂತ ಮೇಲೆ ಮಣಿಕಟ್ಟಿಗೆ ಒಂದೇ ಒಂದು ಹನಿ ವೆನಿಲ್ಲಾ ಸಾಕು. ಎರಡರಲ್ಲೂ ಇರುವ ವೆನಿಲಿನ್ ಒಂದನ್ನೊಂದು ಗುರುತಿಸಿದ ಹಾಗೆ ಬೆರೆಯುತ್ತದೆ. ಎಷ್ಟು ದುಬಾರಿ ಬಾಟಲಿಯಿಂದಲೂ ಈ ಪರಿಮಳ ಬರುವುದಿಲ್ಲ. ಸೆಂಟ್ ಎಂದರೆ ಮುಖ ಸಿಂಡರಿಸುತ್ತಿದ್ದ ಅತ್ತೆ ಕೂಡ ಆ ದಿನ, "ಇದೇನು ಹೊಸ ಸಾಂಬ್ರಾಣಿಯೇ?" ಎಂದು ಕೇಳಿ, ಇನ್ನೊಂದು ಚಿಟಿಕೆ ಕೆಂಡದ ಮೇಲೆ ಹಾಕಿಸಿದ್ದರು.

ಬಟ್ಟೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ವೆನಿಲಿನ್‌ಗೆ ಗಾಳಿ ಬೆಳಕು ತಾಕಿದರೆ ಬಣ್ಣ ಕಂದಿಗೆ ತಿರುಗುತ್ತದೆ. ವೆನಿಲ್ಲಾ ಸೋಪು ಇಟ್ಟಲ್ಲೇ ಕಂದಾಗುವುದನ್ನು ನೀವೂ ನೋಡಿರಬಹುದು. ಬಿಳಿ ರವಿಕೆ, ಕೆನೆಬಣ್ಣದ ರೇಷ್ಮೆ ಇವುಗಳ ಮೇಲೆ ಸಿಂಪಡಿಸಿದರೆ ತಕ್ಷಣ ಏನೂ ಕಾಣುವುದಿಲ್ಲ, ಬೀರುವಿನಲ್ಲಿ ಮಡಿಸಿಟ್ಟಾಗ ಕಲೆ ಮೂಡುತ್ತದೆ. ಪಕ್ಕದ ಶಿಡ್ಲಘಟ್ಟದಲ್ಲಿ ಗೂಡು ಬಿಚ್ಚಿ ನೂಲು ತೆಗೆಯುವವರ ಕೈಗಳನ್ನು ಕಂಡವರು ರೇಷ್ಮೆಯ ಮೇಲೆ ಅಂಥ ಕಲೆ ಬೀಳಲು ಬಿಡುವುದಿಲ್ಲ. ಬಟ್ಟೆಗೆ ಬೇಕೇಬೇಕು ಎಂದರೆ ಗಾಢ ಬಣ್ಣದ ಹತ್ತಿಯ ಒಳಲಂಗದ ಅಂಚಿಗೆ ಹಾಕಿ. ಬಟ್ಟೆಗೆ ಮೈಯಷ್ಟು ಶಾಖವಿಲ್ಲದ ಕಾರಣ ಅಲ್ಲಿ ಎರಡು ದಿನ ಬೇಕಾದರೂ ನಿಲ್ಲುತ್ತದೆ. ಮುತ್ತಿನ ಸರ, ಪಾಲಿಶ್ ಇರುವ ಒಡವೆಗಳನ್ನು ಸೆಂಟ್ ಪೂರ್ತಿ ಆರಿದ ಮೇಲೆ ಹಾಕಿಕೊಳ್ಳಿ.

ಸಾವಿನ ಮನೆ, ಬಾಣಂತಿಯ ಕೋಣೆ, ಆಸ್ಪತ್ರೆ, ಪರೀಕ್ಷೆಯ ಕೊಠಡಿ: ಈ ನಾಲ್ಕು ಕಡೆಗೆ ಹಚ್ಚಿಕೊಂಡು ಹೋಗುವುದಿಲ್ಲ.

ಬಾಟಲಿಯನ್ನು ಬಚ್ಚಲುಮನೆಯಲ್ಲೋ ಕಿಟಕಿಯ ಮೇಲೋ ಇಡಬೇಡಿ. ನಾನು ಅದರ ರಟ್ಟಿನ ಡಬ್ಬಿಯಲ್ಲೇ, ಬೀರುವಿನ ಕೆಳಗಿನ ಅರೆಯಲ್ಲಿ, ಸೀರೆಗಳಿಂದ ದೂರವಾಗಿ ಇಡುತ್ತೇನೆ. ತಿಂಗಳು ಕಳೆದಂತೆ ಒಳಗಿನ ದ್ರವ ಜೇನಿನ ಬಣ್ಣದಿಂದ ಕಾಫಿಯ ಬಣ್ಣಕ್ಕೆ ಹೋಗುತ್ತದೆ. ಅದು ವೆನಿಲಿನ್‌ನ ಗುಣ, ಕೆಟ್ಟ ಲಕ್ಷಣವಲ್ಲ. ಬಣ್ಣ ನೋಡಿ ಗಾಬರಿಯಾಗಿ ಎಸೆಯುವ ಮೊದಲು ಒಂದು ಹನಿ ಕೈಗೆ ಹಾಕಿ ಮೂಸಿ. ಹುಳಿಯೋ ವಾರ್ನಿಷ್ಷಿನಂಥ ಘಾಟೋ ಬಂದರೆ ಮಾತ್ರ ಚೆಲ್ಲಿ.