ಟೈಲರ್ ಅಂಗಡಿಯಲ್ಲಿ ಎದೆ ಗಂಟು ತಪಾಸಣೆ: ನನ್ನ ಅನುಭವ

ಟೈಲರ್ ಅಂಗಡಿಯಲ್ಲಿ ಕೂತು ಹೆಂಗಸರ ಎದೆ ಗಂಟಿನ ತಪಾಸಣೆ ಮಾಡ್ತೀನಿ ಅಂದಾಗ ನಮ್ಮವರೆಲ್ಲ ನಕ್ಕರು. ‘ಹಂಗೇ ಸೀರೆಗೆ ಫಾಲ್ಸೂ ಹಾಕಿಕೊಡಿ ಸಿಸ್ಟರ್’ ಎಂದು ಒಬ್ಬರು ಚುಚ್ಚಿದರು. ಈಗ ಅವರೇ ಫೋನ್ ಮಾಡಿ ‘ಅದೇನು ಮಾಡಿದ್ರಿ, ಸ್ವಲ್ಪ ಹೇಳಿ’ ಅನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೇ ಒಟ್ಟಿಗೆ ಬರೆದುಬಿಡುತ್ತಿದ್ದೇನೆ.

ನಾನು 31 ವರ್ಷ ಎಎನ್‌ಎಂ (ಹಳ್ಳಿ ಕಡೆಯ ಸರ್ಕಾರಿ ನರ್ಸ್) ಆಗಿದ್ದು ನಿವೃತ್ತಿಯಾದವಳು. ಊರು ಶಿರಾ ಕಡೆ. ಮೂರು ಬೆರಳಲ್ಲಿ ಗಂಟು ನೋಡುವುದು ಹೇಗೆ, ಸಿಬ್ಯಾಕ್ ಫಾರಂ (ಆಶಾಗಳು ತುಂಬುವ ಆರೋಗ್ಯದ ಪ್ರಶ್ನಾವಳಿ) ತುಂಬುವುದು ಹೇಗೆ ಅನ್ನುವುದೆಲ್ಲ ಆರೋಗ್ಯದ ಕೆಲಸದಲ್ಲಿರುವ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ನಾನು ಎಲ್ಲೆಲ್ಲಿ ಎಡವಿದೆ ಅನ್ನುವುದನ್ನು ಹೇಳ್ತೀನಿ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ, ಶಿಬಿರ. ಶಾಮಿಯಾನ, ಕುರ್ಚಿ, ಉಪ್ಪಿಟ್ಟು ಕೇಸರಿಬಾತು, ‘ಸ್ತನ ಕ್ಯಾನ್ಸರ್ ಉಚಿತ ತಪಾಸಣೆ’ ಅಂತ ಗುಲಾಬಿ ಬಣ್ಣದ ದೊಡ್ಡ ಫ್ಲೆಕ್ಸ್. ಸುಮಾರು 18 ಸಾವಿರ ಖರ್ಚು. ಬಂದವರು 40 ಜನ ಇರಬಹುದು. ಅದರಲ್ಲಿ ಮುಕ್ಕಾಲು ಪಾಲು ಬಿಪಿ ನೋಡಿಸಿಕೊಳ್ಳಲು ಬಂದ ಗಂಡಸರು. ಪರದೆ ಒಳಗೆ ಬಂದ ಹೆಂಗಸರು 11. ಆ ಫ್ಲೆಕ್ಸ್ ಕೆಳಗೆ ನಡೆದು ಒಳಗೆ ಹೋದರೆ ಊರಿಗೆಲ್ಲ ಸುದ್ದಿ ಅಲ್ವಾ? ಯಾರು ಬರ್ತಾರೆ?

ಇನ್ನೊಂದು ತಪ್ಪು ತಿಂಗಳಿನದು. ಅಕ್ಟೋಬರ್ ಅಂದರೆ ಸ್ತನ ಕ್ಯಾನ್ಸರ್ ಜಾಗೃತಿಯ ‘ಪಿಂಕ್ ತಿಂಗಳು’ ಅಂತ ಎಲ್ಲರೂ ಅದೇ ತಿಂಗಳಲ್ಲಿ ಬೀಳುತ್ತೇವೆ. ನಮ್ಮ ಕಡೆ ಅಕ್ಟೋಬರ್ ನವೆಂಬರ್ ಅಂದರೆ ಕಡಲೆಕಾಯಿ ಕೀಳುವ ಕಾಲ. ಹೆಂಗಸರು ಬೆಳಗಾದರೆ ಹೊಲದಲ್ಲಿರುತ್ತಾರೆ. ಬೆಂಗಳೂರಿನಲ್ಲಿ ರಿಬ್ಬನ್ ಕಟ್ಟಿಕೊಂಡು ವಾಕಥಾನ್ ಮಾಡುವವರಿಗೆ ಅದು ಸರಿ. ನನಗೆ ಎರಡು ಅಕ್ಟೋಬರ್ ದಂಡ ಆಯಿತು.

ಆಮೇಲೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ತೆಗೆಯುವ ವ್ಯಾನ್ ತರಿಸಿದೆ. ಹೆಸರು ಬೇಡ. 60 ಜನರಿಗೆ ತೆಗೆದರು, ರಿಪೋರ್ಟ್ ಬಂದಿದ್ದು ಒಂದೂವರೆ ತಿಂಗಳಿಗೆ. ಒಂಬತ್ತು ಜನ ಮತ್ತೆ ತೋರಿಸಬೇಕು ಅಂತ ಇತ್ತು. ಹೋದವರು ಇಬ್ಬರು. ಉಳಿದ ಏಳು ಜನರ ಮನೆಗೆ ನಾನೇ ಹೋದೆ. ‘ನೋವೇ ಇಲ್ಲ ನರ್ಸಮ್ಮ, ಯಾಕೆ ಕೆದಕೋದು?’ ಒಬ್ಬರದು ‘ಗೃಹಲಕ್ಷ್ಮಿ ದುಡ್ಡು ಬರಲಿ, ಆಮೇಲೆ.’ ವ್ಯಾನ್ ಬಂದು ಹೋಯಿತು, ಅದರ ಹಿಂದೆ ದಾರಿ ಇರಲಿಲ್ಲ. ಗಂಟು ಹುಡುಕುವ ಮೊದಲು, ಸಿಕ್ಕ ಮೇಲೆ ಎಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಬೇಕಿತ್ತು. ಈ ಬುದ್ಧಿ ಬರಲು ನನಗೆ ಮೂರು ವರ್ಷ ಹಿಡಿಯಿತು.

ಟೈಲರ್ ವಿಷಯ ಹೊಳೆದದ್ದು ನನ್ನದೇ ಬ್ಲೌಸ್ ಹೊಲಿಸಲು ಹೋದಾಗ. ನಮ್ಮೂರ ಟೈಲರಮ್ಮ ಅಳತೆ ತೆಗೆಯುತ್ತಾ ಹೇಳಿದಳು: ‘ಪಕ್ಕದೂರಿನ ಅಕ್ಕ ಒಬ್ಬರು ಮೂರು ಸಲ ಬ್ಲೌಸ್ ವಾಪಸ್ ತಂದ್ರು. ಎಡಗಡೆ ಬಿಗಿ ಅಂತಾರೆ. ನನ್ನ ಹೊಲಿಗೆ ಸರಿ ಇದೆ. ಅವರಿಗೇ ಅಲ್ಲೇನೋ ಗಟ್ಟಿ ಇದೆ. ಕೇಳೋಕೆ ನಂಗೆ ನಾಚಿಕೆ.’ ಹೋಗಿ ನೋಡಿದೆ. ಕೋಟಿನ ಗುಂಡಿಗಿಂತ ದೊಡ್ಡ ಗಂಟು, ಕಲ್ಲಿನ ಹಾಗೆ, ಅಲ್ಲಾಡುತ್ತಿರಲಿಲ್ಲ. ಕಂಕುಳಲ್ಲೂ ಇತ್ತು. ಮಗು ಹಾಲು ಬಿಡಿಸಿದಾಗಿಂದ ಇರುವ ಹಾಲುಗಂಟು ಅಂದುಕೊಂಡಿದ್ದರು. ಮಗುವಿಗೆ ಆಗ ಒಂಬತ್ತು ವರ್ಷ.

ಅವತ್ತು ರಾತ್ರಿ ಯೋಚಿಸಿದೆ. ಪರದೆ ಇದೆ. ಒಳಗಿರುವವಳೂ ಹೆಂಗಸೇ. ಅಲ್ಲಿ ಸೆರಗು ಸರಿಸುವುದು ಹೊಸದಲ್ಲ. ಅತ್ತೆ ಜೊತೆಗೆ ಬರುವುದಿಲ್ಲ. ‘ಎಲ್ಲಿಗೆ ಹೋಗಿದ್ದೆ’ ಅಂದರೆ ‘ಬ್ಲೌಸ್ ಕೊಡೋಕೆ’ ಅಂದರಾಯಿತು. ಇನ್ನೇನು ಬೇಕು?

ಒಂಬತ್ತು ಹಳ್ಳಿ ಹಿಡಿದೆ, ಏಳು ಟೈಲರಮ್ಮಂದಿರು ಒಪ್ಪಿದರು. ಇಬ್ಬರ ಹತ್ತಿರ ಮಾತ್ರ ಕಟಿಂಗ್ ಟೇಬಲ್ ಇತ್ತು, ಮಲಗಿಸಲು ಬಹಳ ಅನುಕೂಲ. ಉಳಿದ ಕಡೆ ಚಾಪೆ. ವಾರಕ್ಕೆ ಒಂದು ದಿನ, ಒಂದು ಅಂಗಡಿ. ನಾನು, ಜೊತೆಗೆ ಉಪಕೇಂದ್ರದ ಸಿಎಚ್‌ಒ (ಸಮುದಾಯ ಆರೋಗ್ಯಾಧಿಕಾರಿ) ಹುಡುಗಿ. ಲೆಕ್ಕ ಅವಳ ಪೋರ್ಟಲ್‌ಗೆ ಹೋಗುತ್ತಿತ್ತು, ಅವಳ ಟಾರ್ಗೆಟ್ಟೂ ಮುಗಿಯುತ್ತಿತ್ತು. ಮೇಲಿನವರು ಕೇಳಿದರೆ ಅವಳ ಕೆಲಸ, ಕೇಳದಿದ್ದರೆ ನನ್ನ ಕೆಲಸ.

ಶುರುವಿನಲ್ಲೇ ದುಡ್ಡಿನಲ್ಲಿ ಎಡವಿದೆ. ಒಬ್ಬರನ್ನು ಕಳಿಸಿದರೆ 20 ರೂಪಾಯಿ ಅಂದೆ. ಒಂದೇ ತಿಂಗಳಲ್ಲಿ ಒಬ್ಬ ಟೈಲರಮ್ಮ ಕಾಲೇಜು ಹುಡುಗಿಯರನ್ನೆಲ್ಲ ಕರೆತಂದಳು. ಕೆಲವರು ಎರಡು ಸಲ ಬಂದರು, ಎರಡನೇ ಸಲ ಹೆಸರು ಬೇರೆ! ನಾಲ್ಕೂವರೆ ಸಾವಿರ ಹೋಯಿತು. ನಿಲ್ಲಿಸಿದೆ. ಬದಲಿಗೆ ಏಳು ಅಂಗಡಿಗೂ ದಪ್ಪ ಪರದೆ, ಆಳೆತ್ತರದ ಕನ್ನಡಿ, ಮಿಷನ್ ಸರ್ವಿಸ್. ಎಲ್ಲ ಸೇರಿ 15-16 ಸಾವಿರ. ಕನ್ನಡಿ ನೋಡಿ ಗಿರಾಕಿ ಜಾಸ್ತಿ ಆದರು, ಟೈಲರಮ್ಮನಿಗೂ ಖುಷಿ.

ಎರಡನೇ ಏಟು ಇನ್ನೂ ಜೋರು. ಒಂದೂರಲ್ಲಿ ಅಂಗಡಿಯಿಂದ ಮಾತು ಹೊರಗೆ ಬಿತ್ತು. ‘ಆ ಮನೆಯವಳಿಗೆ ಗಂಟಂತೆ.’ ಅವರ ಮಗಳಿಗೆ ಗಂಡು ನೋಡುತ್ತಿದ್ದರು. ಗಂಡಿನ ಕಡೆಯವರು ಫೋನ್ ಮಾಡಿ ವಿಚಾರಿಸಿದರು. ಕೊನೆಗೆ ಅದು ಬರೀ ನೀರುಗುಳ್ಳೆ ಅಂತ ಸ್ಕ್ಯಾನಲ್ಲಿ ಗೊತ್ತಾಯಿತು. ಆದರೆ ಸಂಬಂಧ ಮುರಿದಿತ್ತು. ಆ ಅಂಗಡಿ ಬಿಟ್ಟೆ. ಆವತ್ತಿನಿಂದ ಪರದೆ ಒಳಗೆ ಟೈಲರಮ್ಮನಿಗೂ ಪ್ರವೇಶ ಇಲ್ಲ. ಗಂಟು ಇರಲಿ ಬಿಡಲಿ, ಎಲ್ಲರ ಕೈಗೂ ಒಂದೇ ಬಣ್ಣದ ಚೀಟಿ, ಎಲ್ಲರಿಗೂ ಒಂದೇ ಮಾತು: ‘ಫೋನ್ ಮಾಡ್ತೀನಿ.’

ಇದೆಲ್ಲ ಸರಿಹೋದ ಮೇಲೆ ಒಬ್ಬ ಡಾಕ್ಟರು ಕೇಳಿದರು, ‘ಮ್ಯಾಮೊಗ್ರಾಂ ಇಲ್ಲದೆ ಕೈಯಲ್ಲಿ ನೋಡಿ ಏನು ಪ್ರಯೋಜನ?’ ಮುಂಬೈನ ಟಾಟಾ ಮೆಮೋರಿಯಲ್‌ನವರ ಅಧ್ಯಯನ ನನ್ನ ನಾಲಿಗೆ ತುದಿಯಲ್ಲಿತ್ತು. 1998ರಲ್ಲಿ ಶುರು, ಒಂದೂವರೆ ಲಕ್ಷ ಹೆಂಗಸರು, 20 ವರ್ಷ. ಅರ್ಧದಷ್ಟು ಜನರನ್ನು ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಲ್ಲೇ ನೋಡಿದರು. 2021ರಲ್ಲಿ ಫಲಿತಾಂಶ ಬಂತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ನೂರಕ್ಕೆ ಹತ್ತಿರ ಹತ್ತಿರ 30ರಷ್ಟು ಕಡಿಮೆ. ಡಾಕ್ಟರು ಸುಮ್ಮನಾದರು. ಆದರೆ ನಾನೂ ಸುಮ್ಮನಾಗಬೇಕಾಯಿತು. ಅದೇ ಅಧ್ಯಯನದಲ್ಲಿ 50ರ ಒಳಗಿನವರಲ್ಲಿ ಸಾವು ಕಡಿಮೆಯಾದದ್ದು ಕಾಣಲಿಲ್ಲ. ನನ್ನ ಅಂಗಡಿಗಳಿಗೆ ಬರುತ್ತಿದ್ದವರು ಬಹುಪಾಲು 30-40ರವರು. ಅಜ್ಜಿಯರು ವರ್ಷಕ್ಕೆ ಒಂದು ಕುಪ್ಪಸ ಹೊಲಿಸಿದರೆ ಹೆಚ್ಚು.

ಇಲ್ಲಿ ನನ್ನ ತಲೆ ಓಡಿತು ಅಂತ ಸ್ವಲ್ಪ ಜಂಭ ಪಟ್ಟುಕೊಳ್ಳುತ್ತೇನೆ. ನಮ್ಮ ಕಡೆ ಅಜ್ಜಿಯರಿಗೆ ಕುಪ್ಪಸದಲ್ಲಿ ಒಳಜೇಬು ಬೇಕು. ಪೆನ್ಷನ್ ದುಡ್ಡು ಮಗನ ಕಣ್ಣಿಗೆ ಬೀಳದ ಹಾಗೆ ಇಡಲು. ‘50 ದಾಟಿದವರಿಗೆ ಒಳಜೇಬು ಬಿಟ್ಟಿ’ ಅಂತ ಹೇಳಿಸಿದೆ. ಚಿಂದಿ ಬಟ್ಟೆ, ಹತ್ತು ರೂಪಾಯಿ ಕೂಲಿ, ಅಷ್ಟೇ. ಜಾತ್ರೆಗೆ ಬಂದ ಹಾಗೆ ಬಂದರು. ಹಳೇ ಕುಪ್ಪಸ ಬಿಚ್ಚಿಕೊಟ್ಟು ಜೇಬು ಹೊಲಿಯುವವರೆಗೆ ಕಾಯಬೇಕಲ್ಲ, ಅಷ್ಟರಲ್ಲಿ ನನ್ನ ತಪಾಸಣೆ ಮುಗಿದಿರುತ್ತಿತ್ತು. ಒಬ್ಬ ಅಜ್ಜಿ ಅಂದರು, ‘ನನ್ನ ಗಂಡನೂ ಇಷ್ಟು ಹೊತ್ತು ನೋಡಿರಲಿಲ್ಲ ಕಣಮ್ಮ.’

ಆಶಾಗಳಿಗೆ ಗಂಟು ಹುಡುಕುವುದನ್ನು ಕಲಿಸಲು ಎದೆಯ ಮಾದರಿ ಬೇಕಿತ್ತು. ಸಿಲಿಕೋನ್‌ದು ಕೊಳ್ಳುವ ಶಕ್ತಿ ನನಗಿಲ್ಲ. ಮೊದಲು ರಾಗಿ ಮುದ್ದೆಯೊಳಗೆ ಕಡಲೆಕಾಳು ಇಟ್ಟೆ. ಆಶಾಗಳು ನಗುವುದರಲ್ಲೇ ಹೊತ್ತು ಕಳೆಯಿತು, ಆರಿದ ಮೇಲೆ ಮುದ್ದೆ ಪೂರ್ತಿ ಗಂಟಾಯಿತು. ಆಮೇಲೆ ಚೈನಾಗ್ರಾಸ್ ಜೆಲ್ಲಿ. ರಾತ್ರಿ ಕಳೆಯುವಷ್ಟರಲ್ಲಿ ಕಾಳು ನೀರು ಕುಡಿದು ಉಬ್ಬಿತ್ತು. ಕಾಳು ಬಿಟ್ಟು ಮಣಿ ಹಾಕಿದೆ, ಮೇಲೆ ಲೈನಿಂಗ್ ಬಟ್ಟೆಯ ಚೀಲ. ಈಗ ಚೆನ್ನಾಗಿದೆ, ಫ್ರಿಜ್ಜಿನಲ್ಲಿ ಒಂದು ವಾರ ಬರುತ್ತದೆ. ಜೆಲ್ಲಿಗೆ ಇನ್ನೊಂದು ಏನೋ ಸೇರಿಸುತ್ತೇನೆ. ಅದನ್ನು ಹೇಳುವುದಿಲ್ಲ, ಬಂದು ಕೈಯಿಟ್ಟು ನೋಡಿ.

ಟೈಲರ್ ಅಳತೆ ಪುಸ್ತಕದಿಂದ ಏನಾದರೂ ಗೊತ್ತಾಗುತ್ತಾ ಅಂತಲೂ ನೋಡಿದೆ. ನಾಲ್ಕು ಪುಸ್ತಕ, ಎರಡು ತಿಂಗಳು ಕೂತು ತಿರುವಿದೆ. ಏನೂ ಗೊತ್ತಾಗಲಿಲ್ಲ. ಸುತ್ತಳತೆ ಬರೀತಾರೆ ಹೊರತು ಎಡಕ್ಕೆ ಬಲಕ್ಕೆ ಬೇರೆ ಬೇರೆ ಯಾರು ಬರೀತಾರೆ? ಆದರೆ ಗುಂಡಿ ಉಪಯೋಗಕ್ಕೆ ಬಂತು. ಅಂಗಿ ಗುಂಡಿ, ಕೋಟು ಗುಂಡಿ, ಒಂದು ರೂಪಾಯಿ ನಾಣ್ಯ ಇವನ್ನು ಒಂದು ರಟ್ಟಿಗೆ ಹೊಲಿದು ಇಟ್ಟುಕೊಂಡೆವು. ಗಂಟಿನ ಗಾತ್ರ ಬರೆಯಲು ಈಗ ನಾನೂ ಸಿಎಚ್‌ಒ ಹುಡುಗಿಯೂ ಜಗಳ ಆಡುವುದಿಲ್ಲ.

ಇನ್ನು ಗಂಟು ಸಿಕ್ಕ ಮೇಲಿನ ದಾರಿ. ಸ್ಕ್ಯಾನಿಂಗ್ ಸೆಂಟರ್ ಒಬ್ಬರನ್ನು ಹಿಡಿದು ಗುರುವಾರ ಮಧ್ಯಾಹ್ನ ನಮ್ಮವರಿಗೆ ಅಂತ ಗೊತ್ತು ಮಾಡಿಸಿದೆ, 900 ಇದ್ದದ್ದನ್ನು 400ಕ್ಕೆ ಇಳಿಸಿದರು. ಹೇಗೆ ಒಪ್ಪಿಸಿದೆ ಅನ್ನುವುದೂ ನನ್ನ ಹತ್ತಿರವೇ ಇರಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿದ್ದು ದೊಡ್ಡ ಅನುಕೂಲ. ಬಸ್ ಚಾರ್ಜಿಗೆ ಗಂಡನನ್ನು ಕೇಳಬೇಕಿಲ್ಲ. ಆಧಾರ್ ಮರೆಯಬೇಡಿ, ಒಂದು ಸಲ ಮೂರು ಜನರ ಟಿಕೆಟ್ ನನ್ನ ಕೈಯಿಂದ ಹೋಯಿತು. ಕೂಲಿ ಹೋಗುತ್ತೆ ಅನ್ನುವವರಿಗೆ 300 ಕೊಟ್ಟೆ. ಎಲ್ಲರಿಗೂ ಅಲ್ಲ, ಮೂವರಲ್ಲಿ ಒಬ್ಬರಿಗೆ ಬೇಕಾಗುತ್ತಿತ್ತು.

ಸೂಜಿ ಪರೀಕ್ಷೆಯಲ್ಲಿ ಬಹಳ ಕಳೆದುಕೊಂಡೆ. ‘ಸರಿಯಾಗಿ ಹೇಳಲಾಗದು’ ಅಂತ ರಿಪೋರ್ಟ್, ಮತ್ತೆ ಚುಚ್ಚು, ಮತ್ತೆ ದುಡ್ಡು. ಎರಡನೇ ಸಲ ಹೆಂಗಸು ಬರುವುದಿಲ್ಲ. ಈಗ ಸ್ಕ್ಯಾನಲ್ಲಿ ಅನುಮಾನ ಬಂದರೆ ನೇರ ಕೋರ್ ಬಯಾಪ್ಸಿ (ದಪ್ಪ ಸೂಜಿಯಲ್ಲಿ ಗಂಟಿನ ಚೂರು ತೆಗೆದು ನೋಡುವುದು) ಮಾಡಿಸಿ ಅಂತ ಡಾಕ್ಟರನ್ನೇ ಕೇಳುತ್ತೇನೆ. ಒಬ್ಬರಂತೂ ನನಗೆ ಹೇಳದೆ ಒಂದು ನರ್ಸಿಂಗ್ ಹೋಮಿಗೆ ಹೋಗಿ ‘ಚಿಕ್ಕ ಗಂಟು, ತೆಗೆದುಬಿಡೋಣ’ ಅಂತ ತೆಗೆಸಿಕೊಂಡರು. ತೆಗೆದದ್ದನ್ನು ಲ್ಯಾಬಿಗೆ ಕಳಿಸಲೇ ಇಲ್ಲ. ಎಂಟು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಂತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಮೆಜೆಸ್ಟಿಕ್‌ನಲ್ಲಿ ಇಳಿದು ಡೇರಿ ಸರ್ಕಲ್ ಕಡೆ ಬಸ್. ಮೊದಲ ಸಲ ಜೊತೆಗೆ ಹೋಗಲೇಬೇಕು, ಇಲ್ಲದಿದ್ದರೆ ಗೇಟ್ ನೋಡಿಯೇ ವಾಪಸ್ ಬರುತ್ತಾರೆ. ಬಿಪಿಎಲ್ ಕಾರ್ಡ್, ಆಧಾರ್, ರೆಫರಲ್ ಚೀಟಿ, ರಿಪೋರ್ಟಿನ ಜೊತೆ ಬಯಾಪ್ಸಿ ಬ್ಲಾಕ್ (ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿದ್ದು). ಬ್ಲಾಕ್ ಮರೆತು ನಾನೊಮ್ಮೆ ಶಿರಾಕ್ಕೆ ವಾಪಸ್ ಬಂದಿದ್ದೇನೆ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಖರ್ಚು ಸಿಗುತ್ತದೆ. ಊಟ, ಉಳಿಯುವುದು, ಜೊತೆಗೆ ಬಂದವರ ಖರ್ಚು ಮಾತ್ರ ನಿಮ್ಮ ತಲೆ ಮೇಲೆ.

ಲೆಕ್ಕ ಕೇಳ್ತೀರಿ, ಪುಸ್ತಕ ಎದುರಿಗಿಲ್ಲ, ನೆನಪಿನಿಂದ ಹೇಳ್ತೀನಿ. ಎರಡೂವರೆ ವರ್ಷದಲ್ಲಿ 2,100ರಷ್ಟು ಹೆಂಗಸರು. ಗಂಟು ಅನುಮಾನ 90 ಚಿಲ್ಲರೆ. ಸ್ಕ್ಯಾನಿಗೆ ಹೋದವರು 80 ದಾಟಿರಬಹುದು. ವ್ಯಾನ್ ಕಾಲದಲ್ಲಿ ಒಂಬತ್ತರಲ್ಲಿ ಎರಡು, ನೆನಪಿದೆಯಲ್ಲ? ಬಯಾಪ್ಸಿ ಹದಿನಾರೋ ಹದಿನೇಳೋ. ಕ್ಯಾನ್ಸರ್ ನಾಲ್ಕು. ಅದರಲ್ಲಿ ಎರಡು ಅಂಗಿ ಗುಂಡಿಯಷ್ಟು, ಒಂದು ನಾಣ್ಯಕ್ಕಿಂತ ದೊಡ್ಡದು, ಇನ್ನೊಂದು ಮೊದಲು ಹೇಳಿದ ಎಡಗಡೆ ಬಿಗಿಯಾದ ಬ್ಲೌಸಿನವರದು. ಚಿಕ್ಕ ಗಂಟಿನ ಇಬ್ಬರಲ್ಲಿ ಒಬ್ಬರು ಜೇಬಿನ ಅಜ್ಜಿ. ಒಟ್ಟು ಖರ್ಚು ಒಂದು ಲಕ್ಷದ ಹತ್ತಿರ, ಅರ್ಧ ನನ್ನ ಪೆನ್ಷನ್ನು, ಅರ್ಧ ಮಗನನ್ನು ಕಾಡಿ ತೆಗೆದದ್ದು.

ಆ ಬ್ಲೌಸಿನವರಿಗೆ ಒಂದು ಕಡೆ ಪೂರ್ತಿ ತೆಗೆದರು, ಕೀಮೋ ಮುಗಿದಿದೆ. ತಮ್ಮನ ಮಗಳ ಮದುವೆಗೆ ಹೊಸ ಬ್ಲೌಸ್ ಬೇಕು ಅಂತ ಅದೇ ಟೈಲರಮ್ಮನ ಹತ್ತಿರ ಬಂದರು. ಹತ್ತಿ ತುಂಬಿದ ದಿಂಬು ಹೊಲಿದುಕೊಟ್ಟಳು. ಹಗುರವಾಗಿ ಬ್ಲೌಸ್ ಒಂದು ಕಡೆ ಮೇಲಕ್ಕೆ ಏರುತ್ತಿತ್ತು. ಸಾಸಿವೆ ತುಂಬಿದಳು. ತೂಕ ಸರಿಹೋಯಿತು, ಬೆವರಿಗೆ ವಾಸನೆ ಹಿಡಿಯಿತು. ಈಗ ನನ್ನ ಜೆಲ್ಲಿ ಮಾದರಿಯ ಮಣಿ ಕೇಳಿದ್ದಾಳೆ, ಸಣ್ಣದು, ಕಾಲು ಕೆಜಿ. ಮದುವೆಗೆ ಇನ್ನು ಹನ್ನೆರಡು ದಿನ ಇದೆ.