ಕೆಲಸ ನಿಂತಾಗ ಮನೆಯವರ ಗುಳಿಗೆ ನಿಲ್ಲದ ಹಾಗೆ ನೋಡಿಕೊಳ್ಳುವುದು ಹೇಗೆ

ಬೆಟಗೇರಿಯಲ್ಲಿ ಮಗ್ಗ ನಿಂತರೆ ಮನೆಯಲ್ಲಿ ಮೊದಲು ನಿಲ್ಲುವುದು ಸಂಘದ ಕಂತಲ್ಲ, ಅವ್ವನ ಬಿಪಿ ಗುಳಿಗೆ. 2020ರ ಲಾಕ್‌ಡೌನಿನಲ್ಲಿ ನಮ್ಮ ಅತ್ತೆ ಒಂದೊಂದು ಗುಳಿಗೆಯನ್ನೂ ಬ್ಲೇಡಿನಿಂದ ಎರಡು ಮಾಡಿ, ಉಳಿದರ್ಧವನ್ನು ಹಾಳೆಯಲ್ಲಿ ಸುತ್ತಿ ಅರಿಶಿನದ ಡಬ್ಬಿ ಹಿಂದೆ ಇಡುತ್ತಿದ್ದರು. ಅವರು ಬಚ್ಚಲಲ್ಲಿ ಬಿದ್ದ ಮೇಲೆಯೇ ನಮಗೆ ಗೊತ್ತಾಗಿದ್ದು.

ಅದಕ್ಕೇ ಕೈ ಬಿಗಿಯಾದ ವಾರವೇ ಗುಳಿಗೆ ಡಬ್ಬಿ ಸುರಿದು ಎಣಿಸಿ. ಯಾರದ್ದು ಎಷ್ಟು ದಿನಕ್ಕೆ ಬರುತ್ತದೆ ಅಂತ ಬರೆದಿಡಿ. ಹೆಂಗಸರನ್ನು ಸುಮ್ನೆ ಕೇಳಿದರೆ "ನಂದೇನೂ ಇಲ್ಲ ಬಿಡ್ರಿ" ಅಂತಾರೆ, ಹಾಗಾಗಿ ಡಾಕ್ಟರ ಚೀಟಿ ನೋಡಿಯೇ ಲೆಕ್ಕ ಹಾಕಿ.

ಸಕ್ಕರೆ ಕಾಯಿಲೆ ತಿಂಗಳ ಪಗಾರ ಬರುವವರಿಗೂ ಒಂದೇ, ಅಮರಗೋಳ ಎಪಿಎಂಸಿಯ ಹಮಾಲರಿಗೂ ಒಂದೇ. ಆದರೆ ಪಗಾರದವರಿಗೆ ರಜೆ ಇರುತ್ತದೆ, ಹಮಾಲರಿಗೆ ದವಾಖಾನೆಗೆ ಹೋದ ದಿನ ಕೂಲಿ ಇಲ್ಲ. ಸರ್ಕಾರಿ ದವಾಖಾನೆ ಪುಕ್ಕಟೆ ಅನ್ನುತ್ತೇವೆ, ಕಳೆದುಹೋದ ಆ ಕೂಲಿಯೇ ದೊಡ್ಡ ಫೀಸು ಅಲ್ವಾ? ಇದಕ್ಕೊಂದು ದಾರಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ "ನಮ್ಮ ಕ್ಲಿನಿಕ್" ಅನ್ನುವ ಸರ್ಕಾರಿ ದವಾಖಾನೆಯಲ್ಲೋ "ತಿಂಗಳಿಗಾಗುವಷ್ಟು ಒಮ್ಮೆಗೇ ಕೊಡಿ" ಅಂತ ಕೇಳುವುದು. ಬಿಪಿ, ಸಕ್ಕರೆಯ ಗುಳಿಗೆ ಅಲ್ಲಿ ಉಚಿತ. ಸಿಗದಿದ್ದರೆ ಕಂಪನಿಯ ಹೆಸರಿನ ಬದಲು ಔಷಧದ ಹೆಸರನ್ನೇ ಬರೆಸಿಕೊಂಡು ಜನೌಷಧಿ ಅಂಗಡಿಗೆ ಹೋಗಿ, ಅಲ್ಲಿ ಬೆಲೆ ಬಹಳ ಕಡಿಮೆ. ದುಡ್ಡಿಲ್ಲ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ನಾಚಿಕೆ ಬೇಡ, ನೀವಾಗಿಯೇ ಮಾತ್ರ ಗುಳಿಗೆ ಕಡಿಮೆ ಮಾಡಬೇಡಿ. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚಿಲ್ಲ, ಅವ್ವನ ಜೊತೆ ಮಗಳೋ ಸೊಸೆಯೋ ಹೋದರೆ ಗಂಡಸರ ಕೂಲಿಯಾದರೂ ಉಳಿಯುತ್ತದೆ.

ದೊಡ್ಡ ಕಾಯಿಲೆ ಬಂದರೆ ತಾಳಿ ಒತ್ತೆ ಇಡುವ ಮೊದಲು ಹುಬ್ಬಳ್ಳಿ ಕಿಮ್ಸ್, ಗದಗ ಜಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗೆ ಹೋಗಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಇದೆ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಇದು ಗೊತ್ತಿಲ್ಲದೇ ನೇರ ಖಾಸಗಿಗೆ ಹೋಗಿ ಸಾಲ ಮಾಡಿಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಈ ಯೋಜನೆಗೆ ಬೇಕಾಗುವ ರೇಷನ್ ಕಾರ್ಡಿನಲ್ಲಿ ಹೊಸ ಸೊಸೆಯ, ಮಗುವಿನ ಹೆಸರು ಸೇರಿದೆಯಾ ಅಂತ ಈಗಲೇ ನೋಡಿ. ಆಸ್ಪತ್ರೆ ಸೇರಿದ ಮೇಲೆ ಅದಕ್ಕಾಗಿ ಓಡಾಡೋದು ನರಕ.

ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಟಿಬಿ ಔಷಧ ಉಚಿತ, ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ.

ಇನ್ನು, ಸಾಲದ ಚಿಂತೆಯಲ್ಲಿ ಮಾತು ಬಿಟ್ಟು ಕೂತವರು ಮನೆಯಲ್ಲಿದ್ದರೆ ಅದೂ ಕಾಯಿಲೆಯೇ ಅಂತ ತಿಳಿಯಿರಿ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಅಷ್ಟು ದೂರ ಬರಲು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವರಾಗಿ ಮಾಡಲಿ ಅಂತ ಕಾಯಬೇಡಿ, ಫೋನ್ ನೀವೇ ಹಚ್ಚಿ ಅವರ ಕೈಗೆ ಕೊಡಿ.