ನೆಟ್ ಬರ್ತಿಲ್ಲ ಅಂದ್ರೆ ಮೊದ್ಲು ಏನ್ ನೋಡ್ಬೇಕು

"ನೆಟ್ ಹೋಯ್ತು" ಅಂತ ಕಸ್ಟಮರ್ ಫೋನ್ ಬಂದ್ ತಕ್ಷಣ ರೂಟರ್ ರೀಸೆಟ್ ಮಾಡಿ ಅನ್ಬೇಡಿ, ಹಿಂದಿರೋ ಸಣ್ಣ ಬಟನ್ ಒತ್ತಿಬಿಟ್ರೆ ಸೆಟ್ಟಿಂಗ್ ಎಲ್ಲಾ ಅಳಿಸಿ ಹೋಗಿ ಕೆಲಸ ಡಬಲ್ ಆಗತ್ತೆ. ಮೊದ್ಲು ಎಲ್‌ಓಎಸ್ ಲೈಟ್ (ಫೈಬರಲ್ಲಿ ಸಿಗ್ನಲ್ ಬರ್ತಿಲ್ಲ ಅಂತ ತೋರ್ಸೋದು) ಕೆಂಪಗೆ ಮಿಣುಕ್ತಿದ್ಯಾ ಕೇಳಿ. ಹೌದಂದ್ರೆ ತೊಂದ್ರೆ ಫೈಬರ್ ಕಡೆ, ಕಟ್ ಆಗಿರ್ಬೋದು ಇಲ್ಲಾ ಬಗ್ಗಿರ್ಬೋದು, ಒಂದ್ಮನೇಲಿ ಬೀರು ಸರಿಸಿದವ್ರು ವೈರನ್ನ ಗೋಡೆಗೆ ಒತ್ತಿ ಮಡಚಿಟ್ಟಿದ್ರು ಅಷ್ಟೇ! ಫೈಬರಲ್ಲಿ ಬರೋ ಬೆಳಕನ್ನ ಅಳೆಯೋ ಪವರ್ ಮೀಟರಲ್ಲಿ ಮೈನಸ್ 27 ಡಿಬಿಎಂಗಿಂತ ಕೆಳಗೆ (ಅಂದ್ರೆ ಮೈನಸ್ 28, 30 ಹೀಗೆ, ಸಿಗ್ನಲ್ ವೀಕ್) ತೋರಿಸಿದ್ರೆ ಕನೆಕ್ಟರ್ ಒರೆಸಿ ಮತ್ತೆ ನೋಡಿ.

ಲೈಟ್ ಸರಿ ಇದ್ರೆ 8.8.8.8ಗೆ (ಗೂಗಲ್ ಸರ್ವರ್) ಪಿಂಗ್ ಹೊಡೀರಿ, ಅಂದ್ರೆ ಅಲ್ಲಿಂದ ರಿಪ್ಲೈ ಬರತ್ತಾ ನೋಡಿ. ರಿಪ್ಲೈ ಬಂದೂ ಸೈಟ್ ತೆರ್ಕೊಳ್ತಿಲ್ಲ ಅಂದ್ರೆ ಡಿಎನ್‌ಎಸ್ (ಸೈಟ್ ಹೆಸ್ರಿಗೆ ಐಪಿ ಅಡ್ರೆಸ್ ಹುಡುಕಿ ಕೊಡೋದು) ಮೇಲೆ ಡೌಟ್ ಪಡಿ. ಐಪಿ 169.254 ಅಂತ ಶುರುವಾಗಿದ್ರೆ ಡಿಎಚ್‌ಸಿಪಿಯಿಂದ (ಕಂಪ್ಯೂಟರು, ಫೋನಿಗೆ ತಾನಾಗೇ ಐಪಿ ಹಂಚೋ ವ್ಯವಸ್ಥೆ) ಅಡ್ರೆಸ್ ಸಿಕ್ಕೇ ಇಲ್ಲ. ಕೆಲವು ಸೈಟ್ ಮಾತ್ರ ಒದ್ದಾಡ್ತಿದ್ದು ಲೈನು ಪಿಪಿಪಿಓಇ (ಯೂಸರ್ ನೇಮ್, ಪಾಸ್ವರ್ಡ್ ಹಾಕಿ ಕನೆಕ್ಟ್ ಆಗೋದು) ಆಗಿದ್ರೆ ಎಂಟಿಯು (ಒಂದ್ ಪ್ಯಾಕೆಟ್ಟಲ್ಲಿ ಹೋಗೋ ಗರಿಷ್ಠ ಬೈಟ್) 1492 ಇದ್ಯಾ ನೋಡಿ, ಇದೊಂದನ್ನ ತುಂಬಾ ಜನ ಮರೀತಾರೆ.

ಇನ್ನು ಹೊಸ ಹುಡುಗ್ರನ್ನ ಬರೀ ಕಂಬ ಹತ್ತಿಸ್ಬೇಡಿ. ಏಷ್ಯಾ ಪೆಸಿಫಿಕ್ ಕಡೆಗೆ ಐಪಿ ಅಡ್ರೆಸ್ ಹಂಚೋ ಸಂಸ್ಥೆ ಎಪಿನಿಕ್ (APNIC) ನಡೆಸೋ ಅಕಾಡೆಮಿಯ ಆನ್‌ಲೈನ್ ಕೋರ್ಸ್, ಲ್ಯಾಬ್ ಎಲ್ಲಾ ಫ್ರೀ, ಬಿಜಿಪಿ (ನೆಟ್ವರ್ಕ್‌ಗಳ ನಡುವೆ ದಾರಿ ಹಂಚ್ಕೊಳ್ಳೋದು), ಐಪಿವಿ6 (ಹೊಸ ತರದ ಐಪಿ ಅಡ್ರೆಸ್) ಎರಡೂ ಇದೆ. ಇಂಗ್ಲಿಷು ಅಂತ ಹೆದರ್ತಾರೆ, ಮೊದಲ್ನೇ ಲ್ಯಾಬ್ ಪಕ್ಕ ಕೂತು ಮಾಡಿಸಿ. ಆಮೇಲೆ ಪ್ರತಿ ಕಂಪ್ಲೇಂಟಿಗೂ ಏನ್ ಮಾಡಿದ್ವಿ ಅಂತ ನೋಟ್‌ಬುಕ್ಕಲ್ಲಿ ಎರಡ್ ಸಾಲು ಬರೆಸಿ, ಮಳೆಗಾಲದಲ್ಲಿ ನೀವೇ ಅದನ್ನ ತಿರುವಿ ಹಾಕ್ತಿರ್ತೀರ.